ಅತ್ತೆಗೆ ಕಾಶಿಯ ಆಸೆ, ನನಗೆ ದಾರಿಯ ಭಯ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು, ಮೂಲ ಗದಗ ಕಡೆ. ನಮ್ಮ ಅತ್ತೆಗೆ 71 ವರ್ಷ. ಶುಗರ್ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ತಗೊಳ್ತಾರೆ. ಮೊಣಕಾಲು ನೋವೂ ಇದೆ. ಮಾವ ತೀರಿಕೊಂಡು ನಾಲ್ಕು ವರ್ಷ ಆಯಿತು. ಆಗಿನಿಂದ ಕಾಶಿಗೆ ಹೋಗಬೇಕು ಅನ್ನುತ್ತಾರೆ. ಟಿಕೆಟ್ ಮಾಡಿಸೋಣ ಅಂದರೆ ಮರುದಿನ "ಬ್ಯಾಡ ಬಿಡವಾ, ಈ ವಯಸ್ಸಿನಾಗ ಯಾಕ" ಅಂತಾರೆ. ನನಗೂ ಭಯ. ರೈಲಿನ ಬಾತ್‌ರೂಮ್, ಅಲ್ಲಿನ ಗದ್ದಲ, ಕಳ್ಳತನ, ದಾರಿಯಲ್ಲಿ ಆರೋಗ್ಯ ಕೆಟ್ಟರೆ ಏನು ಗತಿ ಅಂತ. ನಮ್ಮ ಯಜಮಾನರು "ಗಂಗಾ ಆರತಿ ಟಿವಿಯಲ್ಲೇ ಕಾಣುತ್ತಲ್ಲ" ಅನ್ನುತ್ತಾರೆ. ಇಷ್ಟು ಕಷ್ಟಪಟ್ಟು ಜನ ಯಾಕೆ ಹೋಗುತ್ತಾರೆ? ನಾವು ಹೋಗಬೇಕಾ, ಬೇಡವಾ?

ಉತ್ತರ: ಮೊದಲು ಆ "ಬ್ಯಾಡ ಬಿಡವಾ" ಅನ್ನೋ ಮಾತಿನಿಂದಲೇ ಶುರು ಮಾಡೋಣ. ಪುಣೆ, ಮುಂಬೈಯ ಕನ್ನಡದ ಮನೆಗಳವರನ್ನು ಯಾತ್ರೆಗೆ ಕರೆದುಕೊಂಡು ಹೋಗುವ ಕೆಲಸ ಹಿಡಿದು ನನಗೆ 22 ವರ್ಷ ಆಯಿತು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ವಯಸ್ಸಾದ ಹೆಂಗಸರು ಹೊರಡುವ ಮುಂಚೆ ನನ್ನನ್ನು ಮೂರು ವಿಷಯ ಕೇಳುತ್ತಾರೆ. ಟಿಕೆಟ್ ಎಷ್ಟು ಬೀಳುತ್ತದೆ, ಮನೆ ಯಾರು ನೋಡಿಕೊಳ್ಳುತ್ತಾರೆ, ಇವೆರಡನ್ನೂ ಎಲ್ಲರ ಎದುರಿಗೇ ಕೇಳುತ್ತಾರೆ. ಮೂರನೆಯದನ್ನು ಮಾತ್ರ ಹತ್ತಿರ ಬಂದು, ನನ್ನ ಕೈ ಹಿಡಿದು, ಸಣ್ಣ ದನಿಯಲ್ಲಿ ಕೇಳುತ್ತಾರೆ: "ಬಾಯಿ, ಅಲ್ಲಿ ಸಂಡಾಸ ಹ್ಯಾಂಗದ?"

ಈ ಮೂರಕ್ಕೂ ಉತ್ತರ ಸಿಗದಿದ್ದರೆ ಅವರು "ಬೇಡ" ಅಂದುಬಿಡುತ್ತಾರೆ. ಮಗನಿಗೆ ಖರ್ಚು, ಸೊಸೆಗೆ ರಜೆ, ದಾರಿಯಲ್ಲಿ ಎಲ್ಲರಿಗೂ ನಾನೇ ಭಾರ ಅನ್ನೋ ಲೆಕ್ಕ ಅವರ ತಲೆಯಲ್ಲಿ ಓಡುತ್ತಾ ಇರುತ್ತದೆ. ನಿಮ್ಮ ಅತ್ತೆಯವರ ಆಸೆ ಕಮ್ಮಿಯಾಗಿದೆ ಅಂತ ನನಗೆ ಅನ್ನಿಸುವುದಿಲ್ಲ. ನಾಲ್ಕು ವರ್ಷದಿಂದ ಅದೇ ಮಾತು ತಿರುಗಿ ಬರುತ್ತಿದೆ, ಅಲ್ವಾ?

ಹಾಗಾದರೆ ನೀವು ಮೊದಲು ಮಾಡಬೇಕಾದ ಕೆಲಸ ಟಿಕೆಟ್ ಅಲ್ಲ. ಒಂದು ಸಂಜೆ, ಚಹಾ ಕುಡಿಯುವಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಅವರನ್ನು ಕೇಳಿ: "ಅತ್ತೀ, ಕಾಶಿಯಲ್ಲಿ ನಿಮಗೆ ಏನು ಮಾಡಬೇಕು ಅಂತಿದೆ?" ಯಾಕೆ ಹೋಗಬೇಕು ಅಂತ ಕೇಳಬೇಡಿ. ಯಾಕೆ ಅಂದರೆ ಸಮಜಾಯಿಷಿ ಕೊಡಬೇಕು ಅನ್ನಿಸುತ್ತದೆ. ಏನು ಮಾಡಬೇಕು ಅಂದರೆ ಮನಸ್ಸಿನಲ್ಲಿರೋದು ಹೊರಗೆ ಬರುತ್ತದೆ.

ಇದನ್ನು ನಾನು ಕಲಿತದ್ದು ಒಬ್ಬ ಅಜ್ಜಿಯಿಂದ. ಆಗ ಈ ಕೆಲಸದಲ್ಲಿ ನನಗೆ ಎರಡೋ ಮೂರೋ ವರ್ಷ ಆಗಿತ್ತು. ಪಿಂಪ್ರಿ-ಚಿಂಚವಡದ ಗುಂಪು, ಹದಿನೆಂಟು ಜನ. ಆ ಅಜ್ಜಿ ವಿಜಯಪುರದ ಕಡೆಯವರು, ಮಗನ ಜೊತೆ ಬಂದಿದ್ದರು. ಕಾಶಿ, ಪ್ರಯಾಗ, ಗಯಾ, ಅಯೋಧ್ಯೆ ಎಲ್ಲಾ ಐದು ದಿನದಲ್ಲಿ ಮುಗಿಸುವ ಹಾಗೆ ನಾನು ಕಾರ್ಯಕ್ರಮ ಹಾಕಿದ್ದೆ. ಎರಡನೇ ದಿನ ಬೆಳಕು ಹರಿಯುವ ಹೊತ್ತಿಗೆ ಕೇದಾರ ಘಾಟ್‌ನಲ್ಲಿ ಅವರು ಸೆರಗಿನ ಗಂಟು ಬಿಚ್ಚಿದರು. ಒಳಗೆ ಒಂದು ಹಿಡಿ ಬಿಳಿಜೋಳ. ಅವರ ಹೊಲದ್ದು. "ಬೆಳೆ ಛಲೋ ಬಂದ ವರ್ಷ ಕಾಶಿಗೆ ಕರಕೊಂಡು ಹೋಗ್ತೀನಿ ಅಂತಿದ್ರು" ಅಂದರು. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಒಂದೊಂದೇ ಕಾಳು ನೀರಿಗೆ ಬಿಟ್ಟರು. ಅವಸರ ಇಲ್ಲ, ಅಳು ಇಲ್ಲ. ಎಲ್ಲಾ ಮುಗಿದ ಮೇಲೆ ಸೆರಗು ಕೊಡವಿ, "ನಡಿಯವಾ, ಚಾ ಕುಡಿಯೂಣು" ಅಂದರು.

ಆಮೇಲೆ ಅವರು ಎಲ್ಲಿಗೂ ಬರಲಿಲ್ಲ. ಗಯೆಗೂ ಇಲ್ಲ, ಅಯೋಧ್ಯೆಗೂ ಇಲ್ಲ. ಬಸ್ಸಿಗೆ ದುಡ್ಡು ಕಟ್ಟಿದ್ದೇವೆ, ಹೀಗೆ ಮಾಡಿದರೆ ಹೇಗೆ ಅಂತ ನಾನು ಅವರ ಮಗನ ಹತ್ತಿರ ವಾದ ಮಾಡಿದೆ. ಇವತ್ತಿಗೂ ಅದನ್ನು ನೆನೆದರೆ ನನಗೆ ಬೇಜಾರಾಗುತ್ತದೆ. ಆ ಅಜ್ಜಿ ಬಂದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಉಳಿದ ಊರುಗಳೆಲ್ಲ ನನ್ನ ಪಟ್ಟಿಯವು, ಅವರವಲ್ಲ.

ಜನ ಯಾಕೆ ಹೋಗುತ್ತಾರೆ ಅಂತ ಕೇಳಿದಿರಿ. ನೀವು ದಿನಾ ಡೊಂಬಿವಲಿಯಿಂದ ಮುಂಬೈಯ ವಿಟಿ ಸ್ಟೇಷನ್ (ಈಗಿನ ಸಿಎಸ್‌ಎಂಟಿ) ಕಡೆಗೆ ಕೆಲಸಕ್ಕೆ ಹೋಗಿ ಬರುವವರಾದರೆ ನೂರು ಕಿಲೋಮೀಟರ್ ಹತ್ತಿರ ಓಡಾಡುತ್ತೀರಿ. ಅದನ್ನು ಯಾರೂ ಪ್ರಯಾಣ ಅಂತ ನೆನಪಿಟ್ಟುಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಮಂಗಳೂರಿಗೆ ಹೋಗುವ ಮನೆಗಳನ್ನು ನೋಡಿ. ಕೊಂಕಣ ರೈಲು 1998ರಲ್ಲಿ ಪೂರ್ತಿ ಶುರುವಾಗುವ ಮುಂಚೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಸೊಂಟ ಹಿಡಿದುಕೊಂಡು ಹೋಗುತ್ತಿದ್ದವರೂ ಅವರೇ. ಊರಿನಲ್ಲಿ ಇಳಿದ ಕೂಡಲೇ "ಯಾರ ಮನೆ ಮಗಾ ನೀನು" ಅಂತ ಒಬ್ಬರು ಕೇಳಬೇಕು. ಅದಕ್ಕಾಗಿ ಅಷ್ಟು ದೂರ ಹೋಗುತ್ತಾರೆ. ಆಷಾಢದಲ್ಲಿ ನಮ್ಮ ಪುಣೆಗೆ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ, ಬರುತ್ತದೆ. ಆಳಂದಿಯಿಂದ, ದೇಹುವಿನಿಂದ ಹೊರಟವರು ಮಳೆಯಲ್ಲಿ ಸುಮಾರು ಮೂರು ವಾರ ನಡೆದು ಪಂಢರಪುರ ಸೇರುತ್ತಾರೆ. ಏಕಾದಶಿಯ ಗರ್ದಿಯಲ್ಲಿ ಎಷ್ಟೋ ಜನರಿಗೆ ಒಳಗೆ ಹೋಗಿ ವಿಠ್ಠಲನ ಪಾದ ಮುಟ್ಟಲು ಆಗುವುದೇ ಇಲ್ಲ. ಗುಡಿಯ ಕಳಸ ನೋಡಿ, ಕೈ ಮುಗಿದು, ತಿರುಗಿ ಬರುತ್ತಾರೆ. ಅವರ ಮುಖದಲ್ಲಿ ನಾನು ನಿರಾಸೆ ಕಂಡಿಲ್ಲ.

ಕೆಲವರು ಹರಕೆಗೆ ಹೋಗುತ್ತಾರೆ. ಕೆಲವರು ದುಃಖ ಇಳಿಸಿ ಬರಲು ಹೋಗುತ್ತಾರೆ. ಎಷ್ಟೋ ಹೆಂಗಸರು, ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾಲ್ಕು ದಿನ ಒಲೆಯ ಮುಂದೆ ನಿಲ್ಲದೆ ಬೇರೆಯವರು ಬಡಿಸಿದ್ದನ್ನು ಉಣ್ಣಲು ಹೋಗುತ್ತಾರೆ. ಅದೂ ಒಳ್ಳೆಯ ಕಾರಣವೇ. ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ, ಆರತಿ ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅತ್ತೆಯವರಿಗೆ ನೋಡಬೇಕಾಗಿದೆಯಾ, ಮುಳುಗಬೇಕಾಗಿದೆಯಾ, ಮಾವನವರ ಹೆಸರಿನಲ್ಲಿ ಏನಾದರೂ ಬಿಡಬೇಕಾಗಿದೆಯಾ? ಅದು ತಿಳಿದ ದಿನ ನಿಮ್ಮ ಭಯ ಅರ್ಧ ಇಳಿಯುತ್ತದೆ. ಯಾಕಂದರೆ ಆಗ ನಾಲ್ಕು ಊರು ಬೇಕಾಗುವುದಿಲ್ಲ. ಕಾಶಿಯಲ್ಲಿ ಮೂರು ರಾತ್ರಿ ಸಾಕು.

ಇನ್ನು ಭಯದ ವಿಷಯಕ್ಕೆ ಬರುತ್ತೇನೆ. ಕಳ್ಳತನದ್ದು ಚಿಕ್ಕದು. ಬಂಗಾರ ಮನೆಯಲ್ಲಿರಲಿ, ಬ್ಯಾಗಿಗೆ ಸರಪಳಿ ಹಾಕಿ, ದುಡ್ಡನ್ನು ಎರಡು ಕಡೆ ಇಡಿ. ಅಷ್ಟು ಸಾಕು. ನಿಜವಾಗಿ ಹೆಚ್ಚು ಜನ ದುಡ್ಡು ಕಳೆದುಕೊಳ್ಳುತ್ತಿರುವುದು ಮನೆಯಲ್ಲೇ, ಮೊಬೈಲ್ ಹಿಡಿದು ರೂಮ್ ಬುಕ್ ಮಾಡುವಾಗ. ಧರ್ಮಶಾಲೆಯ ಹೆಸರಿನಲ್ಲಿ ನಕಲಿ ಪುಟ ಮಾಡಿ, ಪೂರ್ತಿ ಬಾಡಿಗೆ ಮೊದಲೇ ಒಂದು ಖಾಸಗಿ ನಂಬರಿಗೆ ಹಾಕಿ ಅನ್ನುತ್ತಾರೆ. ಹಾಗೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟಿದ್ದರೆ ಒಂದು ಕ್ಷಣವೂ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ಮಧ್ಯದಲ್ಲಿ ತಡೆಯುವ ಅವಕಾಶ ಜಾಸ್ತಿ.

ರೂಮ್ ಬುಕ್ ಮಾಡುವಾಗ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಲಿಫ್ಟ್ ಇದೆಯಾ, ಅದು ನಡೆಯುತ್ತದೆಯಾ, ಕಮೋಡ್ ಇದೆಯಾ. ಎರಡನೆಯದನ್ನು ಸೇರಿಸಿದ್ದಕ್ಕೆ ಕಾರಣ ಇದೆ. ಒಂದು ಸಲ ಲಿಫ್ಟ್ ಇದೆ ಅಂತ ಹೇಳಿದ ವಸತಿಗೃಹಕ್ಕೆ ಹೋದೆವು. ಲಿಫ್ಟ್ ಇತ್ತು, ಬಾಗಿಲಿಗೆ ಹಗ್ಗ ಕಟ್ಟಿತ್ತು. ರೂಮ್ ಮೂರನೇ ಮಹಡಿಯಲ್ಲಿ. ಎಂಬತ್ತರ ಅಜ್ಜನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋದರು. ಅವರು ಮೆಟ್ಟಿಲು ಹತ್ತುವಷ್ಟೂ ಹೊತ್ತು "ಕ್ಷಮಿಸ್ರಿ, ಕ್ಷಮಿಸ್ರಿ" ಅನ್ನುತ್ತಲೇ ಇದ್ದರು. ತಪ್ಪು ಅವರದ್ದಾ? ಸರಿಯಾಗಿ ಕೇಳದೆ ಇದ್ದದ್ದು ನಾನು. ಕಾಶಿಯ ಗೋದೌಲಿಯಾ ಚೌಕದ ಹತ್ತಿರ ಜಂಗಮವಾಡಿ ಮಠ ಇದೆ. ಉತ್ತರ ಕರ್ನಾಟಕದವರು ಹಿಂದಿನಿಂದಲೂ ಹೋಗುವ ಜಾಗ. ಅಲ್ಲಿ ವಿಚಾರಿಸಿದರೂ ಆಗುತ್ತದೆ. ಕಿವಿಗೆ ಕನ್ನಡ ಬಿದ್ದರೆ ವಯಸ್ಸಾದವರಿಗೆ ಎಷ್ಟು ಧೈರ್ಯ ಬರುತ್ತದೆ ಅಂತ ನೀವೇ ನೋಡುತ್ತೀರಿ.

ಈಗ ಸಂಡಾಸಿನ ಮಾತು. ಇದನ್ನು ನಾಚಿಕೆ ಬಿಟ್ಟು ಮಾತಾಡಬೇಕು. ದಾರಿಯಲ್ಲಿ ವಯಸ್ಸಾದ ಹೆಂಗಸರ ಆರೋಗ್ಯ ಕೆಡುವುದನ್ನು ನಾನು ನೋಡಿದ್ದು ಹೆಚ್ಚಾಗಿ ಊಟದಿಂದಲ್ಲ, ನೀರು ಕುಡಿಯದೆ ಇದ್ದದ್ದರಿಂದ. ರೈಲಿನಲ್ಲಿ ಎದ್ದು ಹೋಗಬೇಕಾಗುತ್ತದೆ ಅಂತ ಹೊರಡುವ ಹಿಂದಿನ ದಿನದಿಂದಲೇ ನೀರು ಬಿಡುತ್ತಾರೆ. ಆಮೇಲೆ ತಲೆ ಸುತ್ತು, ಉರಿಮೂತ್ರ, ಮಲಬದ್ಧತೆ. ಶುಗರ್ ಇರುವವರಿಗಂತೂ ಇದು ಜಾಸ್ತಿ ಅಪಾಯ. ಹಾಗಾಗಿ ಮೊದಲೇ ಹೇಳಿ: "ರಾತ್ರಿ ಎಷ್ಟು ಸಲ ಎದ್ದರೂ ನಾನು ಜೊತೆಗೆ ಬರ್ತೀನಿ." ಈ ಒಂದು ಮಾತಿಗೆ ಅವರು ನೀರು ಕುಡಿಯುತ್ತಾರೆ. ಎಸಿ ಟೂ ಟಿಯರ್ ಮಾಡಿಸಿ, ಅದರಲ್ಲಿ ನಡುವಿನ ಬರ್ತ್ ಇರುವುದಿಲ್ಲ, ಕೂತರೆ ತಲೆ ತಾಗುವುದಿಲ್ಲ. ರಾತ್ರಿ ಹೊತ್ತಿಗೆ ದೊಡ್ಡವರ ಡೈಪರ್ ಒಂದು ನಾಲ್ಕು ತಗೊಂಡಿರಿ. ಹಾಕಲೇಬೇಕು ಅಂತಿಲ್ಲ. ಬ್ಯಾಗಿನಲ್ಲಿದೆ ಅನ್ನೋದೇ ಒಂದು ನೆಮ್ಮದಿ.

ಟಿಕೆಟ್ ವಿಷಯ. ರೈಲಿನ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. 2024ರ ಅಕ್ಟೋಬರ್ ಕೊನೆಯವರೆಗೆ 120 ದಿನ ಇತ್ತು. ಆನ್‌ಲೈನ್‌ನಲ್ಲಿ ಮಾಡುವಾಗ "ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು" ಅನ್ನುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ. ಹಿರಿಯರಿಗೆ ಬೇರೆ ಕೋಟಾ ಇದೆ, ಆದರೆ ಆ ಟಿಕೆಟ್‌ನಲ್ಲಿ ನಿಮ್ಮ ಯಜಮಾನರ ಹೆಸರು ಸೇರಿಸಲು ಆಗುವುದಿಲ್ಲ, ಬೋಗಿ ಬೇರೆ ಬೇರೆ ಬರುವ ಸಂಭವ ಇರುತ್ತದೆ. ಒಂದೇ ಟಿಕೆಟ್‌ನಲ್ಲಿ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅತ್ತೆಯವರು ಅರ್ಧ ಟಿಕೆಟ್ ಇದೆಯಲ್ಲ ಅಂದರೆ ಹೇಳಿ, ಹಿರಿಯರ ಆ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಗಿದೆ. ನಿಮಗೆ ಕಲ್ಯಾಣದಲ್ಲಿ ಹತ್ತುವುದು ಅನುಕೂಲ. ಆದರೆ ಒಂದು ಎಚ್ಚರ. ಮಧ್ಯರಾತ್ರಿ 12 ದಾಟಿ ಬರುವ ಗಾಡಿಯಾದರೆ ತಾರೀಖು ಎರಡೆರಡು ಸಲ ನೋಡಿ. 10ನೇ ತಾರೀಖಿನ ಟಿಕೆಟ್ ಅಂದರೆ 9ರ ರಾತ್ರಿ ಊಟ ಮುಗಿಸಿ ಹೊರಡಬೇಕು. ಇದರಲ್ಲಿ ಓದಿದವರೂ ತಪ್ಪುತ್ತಾರೆ. ಒಂದು ದಿನ ತಡವಾಗಿ ಸ್ಟೇಷನ್ನಿಗೆ ಬಂದು ನಿಂತ ಕುಟುಂಬಗಳನ್ನು ನಾನೇ ನೋಡಿದ್ದೇನೆ.

ಕಾಶಿ ಅಂದರೆ ಸುಮಾರು 1500 ಕಿಲೋಮೀಟರ್, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಮೊಣಕಾಲು ಬಹಳ ಕಷ್ಟ ಕೊಡುತ್ತಿದ್ದರೆ ಹೋಗುವಾಗ ವಿಮಾನ, ಬರುವಾಗ ರೈಲು ಮಾಡಿ. ವಿಮಾನದ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಡಿ. "ನಾನೇನು ಕುಂಟಿಯೇನು" ಅಂತ ಸಿಟ್ಟಾದರೂ ಆಗಬಹುದು. ನಡೆಯುವ ಶಕ್ತಿ ಘಾಟ್‌ಗೆ ಉಳಿಯಲಿ ಅಂತ ಹೇಳಿ, ಒಪ್ಪುತ್ತಾರೆ.

ಇನ್ಸುಲಿನ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬೇಡಿ. ಹೊರಡುವ ಹದಿನೈದು ದಿನ ಮುಂಚೆ ಒಂದು ಸಲ ತೋರಿಸಿ ಬನ್ನಿ. ನಾನು ಹೇಳುವುದು ದಾರಿಯ ಅನುಭವ ಮಾತ್ರ. ಬಳಕೆಯಲ್ಲಿರುವ ಪೆನ್ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ನಾಲ್ಕು ವಾರ ಕೆಡುವುದಿಲ್ಲ. ನಿಮ್ಮದಕ್ಕೆ ಎಷ್ಟು ದಿನ ಅಂತ ಡಬ್ಬಿಯ ಮೇಲೆ ಓದಿಕೊಳ್ಳಿ. ಎಸಿ ಬೋಗಿಯಲ್ಲಿ ಕೈಚೀಲದಲ್ಲೇ ಇರಲಿ. ಮಂಜುಗಡ್ಡೆಗೆ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬರುವುದಿಲ್ಲ. ವಿಮಾನದಲ್ಲಿ ದೊಡ್ಡ ಬ್ಯಾಗಿನ ಜೊತೆ ಕಳಿಸಬಾರದು ಅನ್ನುವುದೂ ಇದಕ್ಕೇ. ಎಲ್ಲಕ್ಕಿಂತ ಮುಖ್ಯವಾದದ್ದು, ಊಟ ಕೈಗೆ ಬರುವ ಮುಂಚೆ ಚುಚ್ಚಬೇಡಿ. ರೈಲಿನಲ್ಲಿ ಊಟದವನು "ಬಂದೇ" ಅಂದವನು ಎರಡು ಗಂಟೆ ಬಿಟ್ಟು ಬರುತ್ತಾನೆ. ಅಷ್ಟರಲ್ಲಿ ಶುಗರ್ ಇಳಿದುಬಿಡುತ್ತದೆ. ಬೆವರು, ಕೈ ನಡುಕ, ಮಾತು ತೊದಲು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ರೈಲಿನಲ್ಲಿದ್ದರೆ 139ಕ್ಕೆ, ಹೊರಗಿದ್ದರೆ 112ಕ್ಕೆ ಫೋನ್ ಮಾಡಿ. ಮನೆಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಊಟದವನನ್ನು ಕಾಯುವ ಗೋಜೇ ಇಲ್ಲ. ಗದಗದವರಿಗೆ ಇದನ್ನು ನಾನು ಹೇಳಬೇಕೇ!

ಯಾರೂ ನೆನಪಿಟ್ಟುಕೊಳ್ಳದ ಒಂದು ಜಾಗ ಇದೆ, ಅಂಗಾಲು. ಶುಗರ್ ಬಹಳ ವರ್ಷದ್ದಾದರೆ ಕಾಲಿಗೆ ಬಿಸಿ, ಚುಚ್ಚುವುದು ಗೊತ್ತಾಗುವುದಿಲ್ಲ. ಗುಡಿಯಲ್ಲಿ ಬರಿಗಾಲು, ಮಧ್ಯಾಹ್ನದ ಕಲ್ಲು. ಬೊಬ್ಬೆ ಎದ್ದದ್ದು ರಾತ್ರಿ ರಕ್ತ ಕಂಡಾಗಲೇ ತಿಳಿಯುವುದು. ದಪ್ಪ ಕಾಲುಚೀಲ ಹಾಕಿಸಿ. ದರ್ಶನ ಬೆಳಗ್ಗೆಯೇ ಮುಗಿಸಿ. ಪ್ರತಿ ರಾತ್ರಿ ಮಲಗುವ ಮುಂಚೆ ಎರಡೂ ಪಾದ ನಿಮ್ಮ ಕೈಯಲ್ಲಿ ಹಿಡಿದು ಬೆಳಕಿನಲ್ಲಿ ನೋಡಿ, ಬೆರಳ ಸಂದಿಯನ್ನೂ ಬಿಡಬೇಡಿ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಗಂಗೆ ಏರಿ ಘಾಟ್‌ಗಳ ಮೆಟ್ಟಿಲು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು, ಗಾಡಿಗಳು ಗಂಟೆಗಟ್ಟಲೆ ತಡ. ಮೇ ತಿಂಗಳ ಬಿಸಿಲನ್ನು ಕೇಳಲೇಬೇಡಿ. ನಿಮಗೆ ಫೆಬ್ರುವರಿ ಸರಿ, ಶಿವರಾತ್ರಿಯ ವಾರ ಬಿಟ್ಟು. ನವೆಂಬರ್ ಕೂಡ ಒಳ್ಳೆಯದೇ, ಆದರೆ ಕಾರ್ತಿಕ ಹುಣ್ಣಿಮೆಗೆ ದೇವ ದೀಪಾವಳಿ ಬರುತ್ತದೆ, ಆ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಘಾಟ್‌ನ ಮೆಟ್ಟಿಲು ಕಡಿದಾಗಿವೆ. ನೀರಿನ ಹತ್ತಿರದ ಮೆಟ್ಟಿಲುಗಳ ಮೇಲೆ ಪಾಚಿ, ಜಾರುತ್ತದೆ. ನಮೋ ಘಾಟ್‌ನಲ್ಲಿ ರ‍್ಯಾಂಪ್ ಮಾಡಿದ್ದಾರೆ, ಗಾಲಿಕುರ್ಚಿಯವರಿಗೂ ಅನುಕೂಲ. ಅತ್ತೆಯವರನ್ನು ಮೆಟ್ಟಿಲ ಮೇಲೆ ಕೂರಿಸಿ, ತಂಬಿಗೆಯಲ್ಲಿ ನೀರು ತುಂಬಿ ತಲೆ ಮೇಲೆ ಹಾಕಿ. ಒಳಗೆ ಇಳಿಯಲೇಬೇಕು ಅಂತ ಪಂಡಿತರು ಒತ್ತಾಯ ಮಾಡಿದರೆ ಒಪ್ಪಬೇಡಿ. ಅವರ ದಕ್ಷಿಣೆಯನ್ನೂ ದೋಣಿಯವನ ಬಾಡಿಗೆಯನ್ನೂ ಮೊದಲೇ ಮಾತಾಡಿ ಮುಗಿಸಿ.

ವಿಶ್ವನಾಥನ ಗುಡಿಯ ಸುತ್ತ 2021ರ ಡಿಸೆಂಬರ್‌ನಲ್ಲಿ ಹೊಸ ಪ್ರಾಂಗಣ ತೆರೆದ ಮೇಲೆ ಮೊದಲಿನಷ್ಟು ಇಕ್ಕಟ್ಟು ಇಲ್ಲ. ಆದರೆ ಒಳಗೆ ಮೊಬೈಲ್ ಬಿಡುವುದಿಲ್ಲ. ಗದ್ದಲದಲ್ಲಿ ಕೈ ತಪ್ಪಿದರೆ ಫೋನ್ ಮಾಡಲು ದಾರಿ ಇಲ್ಲ. ಆದ್ದರಿಂದ ಒಳಗೆ ಹೋಗುವ ಮುಂಚೆಯೇ "ತಪ್ಪಿದರೆ ಇಲ್ಲಿ ಬಂದು ಕೂತಿರಿ" ಅಂತ ಒಂದು ಜಾಗ ಅವರಿಗೇ ತೋರಿಸಿಬಿಡಿ. ಒಂದು ಚೀಟಿಯಲ್ಲಿ ಅವರ ಹೆಸರು, ನಿಮ್ಮ ನಂಬರ್, ಉಳಿದುಕೊಂಡ ಜಾಗ, ಔಷಧಿಗಳ ಹೆಸರು, ಶುಗರ್ ಇದೆ ಅನ್ನೋದು, ಎಲ್ಲಾ ಹಿಂದಿಯಲ್ಲಿ ಬರೆದು ಅವರ ಎಲೆಅಡಿಕೆ ಸಂಚಿಯಲ್ಲಿ ಇಡಿ. ಪರ್ಸ್ ಮರೆತಾರು, ಸಂಚಿ ಮರೆಯುವುದಿಲ್ಲ.

ಇಷ್ಟೆಲ್ಲ ಓದಿಯೂ ಧೈರ್ಯ ಬರದಿದ್ದರೆ ಒಂದು ಉಪಾಯ. ಮುಂದಿನ ತಿಂಗಳು ಕಲ್ಯಾಣದಿಂದ ಬೆಳಗಿನ ಗಾಡಿಯಲ್ಲಿ ಪುಣೆಗೆ ಬನ್ನಿ. ಒಂದು ರಾತ್ರಿ ಇದ್ದು ಹೋಗಿ. ಅವರು ಎಷ್ಟು ದೂರ ನಡೆದರೆ ಕೂರಬೇಕಾಗುತ್ತದೆ, ಹೊಸ ಜಾಗದಲ್ಲಿ ನಿದ್ದೆ ಹೇಗೆ, ರೈಲಿನಲ್ಲಿ ಎಷ್ಟು ಸಲ ಎದ್ದರು, ಎಲ್ಲಾ ತಿಳಿಯುತ್ತದೆ. ಅದನ್ನು ನೋಡಿ ಕಾಶಿಯ ದಿನಗಳನ್ನು ಹಾಕಿಕೊಳ್ಳಿ. ಆ ಎರಡು ದಿನದಲ್ಲೇ ಸುಸ್ತಾಗಿ ಬಿದ್ದರೆ, ಅಥವಾ ಡಾಕ್ಟರ್ ಬೇಡ ಅಂದರೆ, ಕಾಶಿ ಸದ್ಯಕ್ಕೆ ಬೇಡ. ಆಗಲೂ ಅವರು ಮಾಡಬೇಕು ಅಂದುಕೊಂಡಿದ್ದು ಏನು ಅಂತ ನಿಮಗೆ ಗೊತ್ತಿರುತ್ತದೆ. ಅದನ್ನು ಹತ್ತಿರದ ನದಿಯಲ್ಲಿ, ಪಂಢರಪುರದ ಚಂದ್ರಭಾಗೆಯಲ್ಲಿ ಮಾಡಬಹುದಾ ಅಂತ ಅವರನ್ನೇ ಕೇಳಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಡಾಕ್ಟರ್ ಒಪ್ಪಿದರೆ ಹೋಗಿ. ಈ ಫೆಬ್ರುವರಿಗೇ ಹೋಗಿ, ಮುಂದಿನ ವರ್ಷಕ್ಕೆ ಹಾಕಬೇಡಿ. ಹೊರಡುವ ಮುಂಚೆ ಅಕ್ಕಪಕ್ಕದವರಿಗೂ ಊರಿನ ನೆಂಟರಿಗೂ ಕಾಶಿ ದಾರ ಎಷ್ಟು ಬೇಕು ಅಂತ ಅತ್ತೆಯವರ ಕೈಯಿಂದಲೇ ಲೆಕ್ಕ ಹಾಕಿಸಿ. ಬಂದ ಮೇಲೆ ಗಂಗಾಪೂಜೆಗೆ ಯಾರನ್ನು ಕರೆಯಬೇಕು ಅನ್ನೋದನ್ನೂ ಅವರೇ ಹೇಳಲಿ. ಆ ಲೆಕ್ಕ ಶುರುವಾದ ಮೇಲೆ "ಬ್ಯಾಡ ಬಿಡವಾ" ಅಂದವರನ್ನು ನಾನು ಇದುವರೆಗೆ ನೋಡಿಲ್ಲ.